ಪ್ರಯಾಣದ ಪಾಯಿಂಟ್ ಕೊಡುವ ಬಿಸಿನೆಸ್ ಕ್ರೆಡಿಟ್ ಕಾರ್ಡ್: ಬಳ್ಳಾರಿ, ರಾಯಚೂರು, ಕೊಪ್ಪಳದ ವ್ಯಾಪಾರಸ್ಥರು ಪದೇ ಪದೇ ಕೇಳುವ ಪ್ರಶ್ನೆಗಳು

ಜೀನ್ಸ್ ಯೂನಿಟ್, ರೈಸ್ ಮಿಲ್, ಜಿನ್ನಿಂಗ್ ಫ್ಯಾಕ್ಟರಿ, ಹಾರ್ಡ್‌ವೇರ್ ಅಂಗಡಿ, ಔಷಧದ ಹೋಲ್‌ಸೇಲ್ ನಡೆಸುವವರು ಕೇಳುವ ಪ್ರಶ್ನೆಗಳು ಇವು. "ಯಾವ ಕಾರ್ಡ್ ತಗೊಳ್ಳಲಿ, ಹೆಸರು ಹೇಳಿಬಿಡಿ" ಅಂತ ಕೇಳುವವರೇ ಹೆಚ್ಚು. ಹೆಸರು ಹೇಳುವುದು ಸುಲಭ. ಆದರೆ ಬ್ಯಾಂಕುಗಳು ಪಾಯಿಂಟಿನ ನಿಯಮವನ್ನು ಆಗಾಗ ಬದಲಿಸುತ್ತವೆ, ಇವತ್ತು ಒಳ್ಳೆಯದೆನಿಸಿದ ಕಾರ್ಡ್ ಮುಂದಿನ ವರ್ಷ ಹಾಗೇ ಇರುವುದಿಲ್ಲ. ಅದಕ್ಕೇ ಇಲ್ಲಿ ಲೆಕ್ಕ ಹಾಕುವ ಕ್ರಮ ಇದೆ.

ನನ್ನ ಹತ್ತಿರ ಈಗಾಗಲೇ ಸ್ವಂತದ ಕ್ರೆಡಿಟ್ ಕಾರ್ಡ್ ಇದೆ. ಬಿಸಿನೆಸ್ ಕಾರ್ಡ್ ಬೇರೆ ಯಾಕೆ?

ಮೊದಲನೆಯದು ಲೆಕ್ಕದ ಪುಸ್ತಕ. ಅಂಗಡಿಯ ಖರ್ಚು, ಮನೆಯ ರೇಷನ್, ಮಗಳ ಫೀಸು ಒಂದೇ ಸ್ಟೇಟ್‌ಮೆಂಟ್‌ನಲ್ಲಿ ಬಿದ್ದರೆ ಮಾರ್ಚ್‌ನಲ್ಲಿ ಆಡಿಟರ್ ಒಂದೊಂದು ಸಾಲಿಗೂ ಫೋನ್ ಮಾಡುತ್ತಾರೆ. ಒಬ್ಬರಿಗೆ ಒಂದೇ ದಿನ ₹10,000ಕ್ಕಿಂತ ಹೆಚ್ಚು ನಗದು ಕೊಟ್ಟ ಖರ್ಚನ್ನು ಆದಾಯ ತೆರಿಗೆಯಲ್ಲಿ ಒಪ್ಪುವುದಿಲ್ಲ (ಲಾರಿ ಬಾಡಿಗೆಗೆ ಈ ಮಿತಿ ₹35,000). ಕಾರ್ಡಿನಲ್ಲಿ ಕೊಟ್ಟರೆ ಆ ತಕರಾರು ಇಲ್ಲ.

ಎರಡನೆಯದು ನಿಯಮ. ಕ್ರೆಡಿಟ್ ಕಾರ್ಡ್ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಹೊರಡಿಸಿದ ನಿರ್ದೇಶನಗಳಲ್ಲಿ ಬಿಸಿನೆಸ್ ಕಾರ್ಡಿಗೆ ಬೇರೆಯೇ ಜಾಗ ಸಿಕ್ಕಿತು. ಅದು ವ್ಯಾಪಾರದ ಖರ್ಚಿಗೆ ಮಾತ್ರ. ನಿಮ್ಮ ಓಡಿ (ಓವರ್‌ಡ್ರಾಫ್ಟ್) ಅಥವಾ ಕ್ಯಾಶ್ ಕ್ರೆಡಿಟ್ ಖಾತೆಗೆ, ಅಂದರೆ ಮಿತಿಯೊಳಗೆ ಬೇಕಾದಾಗ ಸಾಲ ತೆಗೆಯುವ ಖಾತೆಗೆ, ಜೋಡಿಸಿಯೂ ಅದನ್ನು ಕೊಡಬಹುದು, ಕೆಲಸದವರಿಗೆ ಆಡ್-ಆನ್ (ನಿಮ್ಮ ಖಾತೆಗೇ ಸೇರಿದ ಹೆಚ್ಚುವರಿ) ಕಾರ್ಡ್ ಕೊಡಬಹುದು. ಹಣ ವ್ಯಾಪಾರಕ್ಕೇ ಹೋಗುತ್ತಿದೆಯೇ ಅಂತ ಬ್ಯಾಂಕು ಕಣ್ಣಿಡಬೇಕು ಎಂದು 2024ರ ಮಾರ್ಚ್‌ನ ತಿದ್ದುಪಡಿಯಲ್ಲಿ ಹೇಳಿದೆ.

ಒಂದು ತಪ್ಪು ಕಲ್ಪನೆ ಮಾತ್ರ ಬೇಡ. ನಿಮ್ಮದು ಒಬ್ಬರೇ ಮಾಲೀಕರಿರುವ ಸಂಸ್ಥೆಯಾದರೆ ಕಾರ್ಡಿನ ಮೇಲೆ ಅಂಗಡಿಯ ಹೆಸರಿದ್ದರೂ ಸಾಲ ನಿಮ್ಮದೇ, ಪ್ಯಾನ್ ನಿಮ್ಮದೇ. ಬಾಕಿ ಬಿದ್ದರೆ ಕೆಡುವುದು ನಿಮ್ಮ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ಚರಿತ್ರೆಗೆ ಸಿಗುವ ಅಂಕ.

ಸಾವಿರಗಟ್ಟಲೆ ಪಾಯಿಂಟ್ ಕೊಡ್ತೀವಿ ಅಂತಾರೆ. ಒಂದು ಪಾಯಿಂಟ್ ಅಂದರೆ ಎಷ್ಟು ರೂಪಾಯಿ?

ಏಜೆಂಟರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ, ಅವರು ನೇರ ಉತ್ತರ ಕೊಡದ ಪ್ರಶ್ನೆಯೂ ಇದೇ.

ಒಂದು ಕಾರ್ಡ್ ₹100ಕ್ಕೆ 2 ಪಾಯಿಂಟ್ ಕೊಡುತ್ತದೆ ಅಂದುಕೊಳ್ಳಿ. ಪಾಯಿಂಟಿಗೆ 25 ಪೈಸೆ. ಅಂದರೆ ನೂರು ರೂಪಾಯಿಗೆ ಸಿಕ್ಕಿದ್ದು 50 ಪೈಸೆ, ಶೇ 0.5. ವರ್ಷಕ್ಕೆ ₹12 ಲಕ್ಷ ಕಾರ್ಡಿನಲ್ಲಿ ಖರ್ಚಾದರೆ 24,000 ಪಾಯಿಂಟ್. ಕೇಳೋಕೆ ದೊಡ್ಡದು, ಬೆಲೆ ₹6,000. ವರ್ಷದ ಶುಲ್ಕ ₹2,500, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು ₹2,950 ಕಳೆಯಿರಿ. ಉಳಿದದ್ದು ₹3,050.

ಅದೇ 24,000 ಪಾಯಿಂಟನ್ನು ವಿಮಾನ ಕಂಪನಿಯ ಮೈಲ್ಸ್ (ಟಿಕೆಟಿಗೆ ಬಳಸುವ ಆ ಕಂಪನಿಯ ಪಾಯಿಂಟ್) ಆಗಿ ಬದಲಿಸಿ, ಒಂದಕ್ಕೆ 50 ಪೈಸೆ ಬೆಲೆ ಬರುವ ಹಾಗೆ ಟಿಕೆಟ್ ತೆಗೆದರೆ ₹12,000. ಪ್ರಯಾಣದ ಕಾರ್ಡಿನ ಆಕರ್ಷಣೆ ಇರುವುದು ಇಲ್ಲೇ. ಅದೇ ಪಾಯಿಂಟ್, ಬಳಸುವ ದಾರಿಯ ಮೇಲೆ ಬೆಲೆ ಎರಡು ಪಟ್ಟು. ಮಿಕ್ಸಿ, ಬ್ಯಾಗು, ಗಿಫ್ಟ್ ವೋಚರ್‌ಗೆ ಬದಲಿಸಿದರೆ ಸಾಮಾನ್ಯವಾಗಿ ಬೆಲೆ ಕೆಳಗಿಳಿಯುತ್ತದೆ.

ಬ್ಯಾಂಕಿನ ಸ್ವಂತ ಬುಕಿಂಗ್ ಪೋರ್ಟಲ್‌ನಲ್ಲಿ ಟಿಕೆಟ್ ತೆಗೆಯುವ ಮುಂಚೆ ಅದೇ ವಿಮಾನದ ದರ ಕಂಪನಿಯ ವೆಬ್‌ಸೈಟಿನಲ್ಲಿ ಎಷ್ಟಿದೆ ಅಂತ ಒಮ್ಮೆ ನೋಡಿ. ಪೋರ್ಟಲ್‌ನಲ್ಲಿ ₹600 ಹೆಚ್ಚಿದ್ದರೆ ನಿಮ್ಮ ಪಾಯಿಂಟಿನ ಬೆಲೆ ಅಷ್ಟು ಕಡಿಮೆಯಾಯಿತು.

ನನ್ನ ವ್ಯವಹಾರ ವರ್ಷಕ್ಕೆ ಮೂರು ಕೋಟಿ. ಪಾಯಿಂಟ್ ಹೊಳೆಯಂತೆ ಬರಬೇಕಲ್ಲ?

ಬರುವುದಿಲ್ಲ. ಮೂರು ಕೋಟಿಯಲ್ಲಿ ಕಾರ್ಡ್ ಹೋಗುವ ಜಾಗ ಎಷ್ಟು ಅನ್ನುವುದೇ ಪ್ರಶ್ನೆ.

ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ ತೆಗೆದುಕೊಳ್ಳಿ. ಖರ್ಚಿನಲ್ಲಿ ಸಿಂಹಪಾಲು ಭತ್ತದ್ದು. ಅದು ರೈತರಿಗೆ, ದಲ್ಲಾಳಿ ಅಂಗಡಿಗೆ ಆರ್‌ಟಿಜಿಎಸ್ ಮೂಲಕ ಹೋಗುವ ಹಣ. ಹಮಾಲಿ ನಗದು. ಲಾರಿ ಬಾಡಿಗೆ ನಗದು, ಇಲ್ಲವೇ ಫೋನ್‌ಪೇ. ಕಾರ್ಡಿಗೆ ಉಳಿಯುವುದು ಕರೆಂಟ್ ಬಿಲ್ಲು, ಯಂತ್ರದ ಬಿಡಿಭಾಗ, ಪ್ಯಾಕಿಂಗ್ ಚೀಲ, ಇನ್ಶೂರೆನ್ಸ್, ಡೀಸೆಲ್, ಸಾಫ್ಟ್‌ವೇರ್, ಓಡಾಟ.

ಅದರಲ್ಲೂ ಕತ್ತರಿ ಇದೆ. ಡೀಸೆಲ್ ಪೆಟ್ರೋಲಿಗೆ ಬಹುತೇಕ ಕಾರ್ಡುಗಳಲ್ಲಿ ಪಾಯಿಂಟ್ ಇಲ್ಲ, ಶೇ 1ರ ಸರ್‌ಚಾರ್ಜ್ ಮನ್ನಾ ಮಾಡಿ ಸುಮ್ಮನಾಗುತ್ತಾರೆ. ಬಾಡಿಗೆ, ವಾಲೆಟ್ ತುಂಬುವುದು, ಸರ್ಕಾರಿ ಪಾವತಿಗಳನ್ನು ಹಲವು ಬ್ಯಾಂಕುಗಳು ಪಟ್ಟಿಯಿಂದ ತೆಗೆದಿವೆ. ಇನ್ಶೂರೆನ್ಸಿಗೆ ತಿಂಗಳ ಮಿತಿ ಹಾಕಿದವರಿದ್ದಾರೆ. ಜೆಸ್ಕಾಂ ಕರೆಂಟ್ ಬಿಲ್ಲು ಯುಟಿಲಿಟಿ (ಕರೆಂಟ್, ನೀರಿನಂಥ ಸೇವೆ) ಗುಂಪಿಗೆ ಬರುತ್ತದೆ. ಮಿಲ್ಲಿನಂಥ ದೊಡ್ಡ ಬಿಲ್ಲಿಗೆ ಕೆಲವು ಬ್ಯಾಂಕುಗಳು ಒಂದು ಮಿತಿ ದಾಟಿದ ಮೇಲೆ ಪಾಯಿಂಟ್ ನಿಲ್ಲಿಸುವುದಷ್ಟೇ ಅಲ್ಲ, ಶೇ 1 ಶುಲ್ಕವನ್ನೂ ಹಾಕುತ್ತವೆ.

ಕೆಲವು ಬಿಸಿನೆಸ್ ಕಾರ್ಡುಗಳು ಇದಕ್ಕೆ ತದ್ವಿರುದ್ಧ. ತೆರಿಗೆ, ಯುಟಿಲಿಟಿ ಬಿಲ್ಲು, ಜಾಹೀರಾತಿನ ಖರ್ಚಿಗೇ ಹೆಚ್ಚು ಪಾಯಿಂಟ್ ಇಡುತ್ತವೆ. ಮಿಲ್ಲಿನವರಿಗೆ ವಿಮಾನದ ಚಿತ್ರವಿರುವ ಕಾರ್ಡಿಗಿಂತ ಇಂಥದ್ದೇ ಹೆಚ್ಚು ಪ್ರಯಾಣ ಕೊಟ್ಟೀತು.

ಮಾಡಬೇಕಾದ ಕೆಲಸ ಇಷ್ಟೇ. ಕಳೆದ ಹನ್ನೆರಡು ತಿಂಗಳ ಕರೆಂಟ್ ಅಕೌಂಟ್ ಸ್ಟೇಟ್‌ಮೆಂಟ್ ತೆಗೆದು, ಕಾರ್ಡ್ ಒಪ್ಪುವ ಖರ್ಚುಗಳಿಗೆ ಗುಮಾಸ್ತರಿಂದ ಟಿಕ್ ಹಾಕಿಸಿ. ಅದರಲ್ಲಿ ಬ್ಯಾಂಕು ಪಾಯಿಂಟ್ ಕೊಡದ ಬಾಬ್ತುಗಳನ್ನು ಹೊಡೆದುಹಾಕಿ. ಉಳಿದ ಮೊತ್ತವೇ ನಿಮ್ಮ ಕಾರ್ಡಿನ ಯೋಗ್ಯತೆ.

ಅಹಮದಾಬಾದಿನಿಂದ ಡೆನಿಮ್ ತರಿಸುತ್ತೇವೆ. ಕಾರ್ಡಿನಲ್ಲಿ ಕೊಟ್ಟರೆ ಸಪ್ಲೈಯರ್ ಶೇ 2 ಹೆಚ್ಚು ಹಾಕುತ್ತಾರೆ. ಕೊಡಬಹುದಾ?

ಬಳ್ಳಾರಿಯ ಜೀನ್ಸ್‌ನವರು ಕೇಳುವ ಪ್ರಶ್ನೆಗಳಲ್ಲಿ ಇದಕ್ಕೇ ಹೆಚ್ಚು ಹೊತ್ತು ಕೊಡಬೇಕು. ಕಾರ್ಡ್ ಸ್ವೀಕರಿಸಿದವರಿಗೆ ಬ್ಯಾಂಕು ಶುಲ್ಕ ಕಡಿಯುತ್ತದೆ, ಅದನ್ನು ಅವರು ನಿಮ್ಮ ಮೇಲೆ ಹಾಕುತ್ತಾರೆ.

₹2 ಲಕ್ಷದ ಬಟ್ಟೆ. ಶೇ 2 ಅಂದರೆ ₹4,000 ಹೆಚ್ಚುವರಿ. ಮೇಲಿನ ಕಾರ್ಡಿನಲ್ಲಿ ಸಿಗುವುದು 4,000 ಪಾಯಿಂಟ್, 25 ಪೈಸೆ ಲೆಕ್ಕದಲ್ಲಿ ₹1,000. ಪಾಯಿಂಟಿಗೋಸ್ಕರ ಕಾರ್ಡ್ ಕೊಟ್ಟಿದ್ದರೆ ₹3,000 ಕೈಬಿಟ್ಟಿತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಬಿಲ್ಲಿನ ತಾರೀಕು ನೋಡಿ ಖರೀದಿಸಿದರೆ 45 ದಿನದವರೆಗೆ ಬಡ್ಡಿ ಇಲ್ಲದ ಉದ್ರಿ ಸಿಗುತ್ತದೆ. ಅದೇ ₹2 ಲಕ್ಷವನ್ನು ಶೇ 11ರ ಕ್ಯಾಶ್ ಕ್ರೆಡಿಟ್‌ನಿಂದ ತೆಗೆದಿದ್ದರೆ 45 ದಿನಕ್ಕೆ ಸುಮಾರು ₹2,700 ಬಡ್ಡಿ. ಪಾಯಿಂಟಿನ ₹1,000 ಸೇರಿಸಿ, ₹3,700. ಆಗಲೂ ₹4,000ಕ್ಕೆ ಸ್ವಲ್ಪ ಕಡಿಮೆಯೇ. ಸಪ್ಲೈಯರ್ ಶೇ 1.5ಕ್ಕೆ ಇಳಿದರೆ, ಅಂದರೆ ₹3,000ಕ್ಕೆ, ಲೆಕ್ಕ ನಿಮ್ಮ ಕಡೆ ವಾಲುತ್ತದೆ. ಚೌಕಾಸಿ ಮಾಡುವುದು ನಮ್ಮ ಊರಿನವರಿಗೆ ಯಾರೂ ಕಲಿಸಬೇಕಾಗಿಲ್ಲ.

ಇನ್ನೊಂದು ದಾರಿಯೂ ಇದೆ. ರೊಕ್ಕ ಕೈಯಲ್ಲಿದ್ದರೆ "ತಕ್ಷಣ ಆರ್‌ಟಿಜಿಎಸ್ ಮಾಡ್ತೀನಿ, ಕ್ಯಾಶ್ ಡಿಸ್ಕೌಂಟ್ ಎಷ್ಟು?" ಅಂತ ಕೇಳಿ. ಶೇ 1 ಸಿಕ್ಕರೂ ಬಹಳಷ್ಟು ಕಾರ್ಡುಗಳ ಪಾಯಿಂಟಿಗಿಂತ ಮೇಲು.

ವಿಮಾನ ಕಂಪನಿಯ ಹೆಸರಿರುವ ಕಾರ್ಡ್ ಒಳ್ಳೆಯದೋ, ಬ್ಯಾಂಕಿನ ಸಾಮಾನ್ಯ ಟ್ರಾವೆಲ್ ಕಾರ್ಡೋ?

ನಾವು ವಿಮಾನ ಹತ್ತುವುದು ಎಲ್ಲಿ ಅನ್ನುವುದರಿಂದ ಶುರು ಮಾಡೋಣ. ತೋರಣಗಲ್ಲಿನ ವಿದ್ಯಾನಗರ ವಿಮಾನ ನಿಲ್ದಾಣ ಬಳ್ಳಾರಿಗೆ ಹತ್ತಿರ ನಿಜ, ಆದರೆ ಅಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರದ ಉಡಾನ್ ಯೋಜನೆಯ ವಿಮಾನಗಳು ಬಂದಿವೆ, ನಿಂತಿವೆ, ಕಂಪನಿ ಬದಲಾಗಿದೆ. ಕೊಪ್ಪಳದವರಿಗೆ ಹುಬ್ಬಳ್ಳಿ. ರಾಯಚೂರಿನವರು ಮಹಬೂಬ್‌ನಗರದ ಮೇಲೆ ಶಂಷಾಬಾದಿಗೆ ಹೋಗುತ್ತಾರೆ, ಇನ್ನೂರು ಕಿಲೋಮೀಟರಿನ ಆಸುಪಾಸು. ಉಳಿದದ್ದಕ್ಕೆ ಬೆಂಗಳೂರು.

ಹೀಗೆ ಮೂರ್ನಾಲ್ಕು ನಿಲ್ದಾಣ, ಸಮಯ ಹೊಂದಿದ ವಿಮಾನ ಹತ್ತುವವರು ಒಂದೇ ಕಂಪನಿಗೆ ಕಟ್ಟುಬೀಳಬಾರದು ಅನ್ನುವುದು ನನ್ನ ಅಭಿಪ್ರಾಯ. ಇಂಡಿಗೋದ ಪಾಯಿಂಟ್ ಯೋಜನೆ ಬ್ಲೂಚಿಪ್ ಆಗಲಿ, ಏರ್ ಇಂಡಿಯಾದ ಮಹಾರಾಜ ಕ್ಲಬ್ ಆಗಲಿ, ಆ ಕಂಪನಿಯ ವಿಮಾನ ನಿಮ್ಮ ದಾರಿಯಲ್ಲಿ, ನಿಮ್ಮ ಹೊತ್ತಿಗೆ ಇದ್ದಾಗ ಮಾತ್ರ ಉಪಯೋಗ. ಬ್ಯಾಂಕಿನ ಪಾಯಿಂಟಾದರೆ ಬೇಕಾದಾಗ ಬೇಕಾದ ಕಡೆ ವರ್ಗಾಯಿಸಬಹುದು. ಒಮ್ಮೆ ವರ್ಗಾಯಿಸಿದ ಮೇಲೆ ವಾಪಸ್ ಬರುವುದಿಲ್ಲ. ಟಿಕೆಟ್ ಸೀಟು ಕಣ್ಣಿಗೆ ಕಂಡ ಮೇಲೇ ವರ್ಗಾಯಿಸಿ.

ಹೈದರಾಬಾದಿನಿಂದ ದೆಹಲಿಗೆ ತಿಂಗಳಿಗೊಮ್ಮೆ ಒಂದೇ ಕಂಪನಿಯಲ್ಲಿ ಹೋಗುವ ಹತ್ತಿ ವ್ಯಾಪಾರಿಗೆ ಮಾತ್ರ ಕಂಪನಿಯ ಕಾರ್ಡ್ ಲಾಭ.

ನಾವು ವಿಮಾನವನ್ನೇ ಹತ್ತುವುದಿಲ್ಲ. ಹಂಪಿ ಎಕ್ಸ್‌ಪ್ರೆಸ್ಸೇ ಗತಿ.

ಹಾಗಿದ್ದರೆ ಮೈಲ್ಸ್ ಕಾರ್ಡ್ ಬಿಟ್ಟುಬಿಡಿ. ಐಆರ್‌ಸಿಟಿಸಿ ಮತ್ತು ಎಸ್‌ಬಿಐ ಕಾರ್ಡ್ ಸೇರಿ ತಂದಿರುವ ಕಾರ್ಡುಗಳಿವೆ. ಎಸಿ ದರ್ಜೆಯ ಟಿಕೆಟನ್ನು ಐಆರ್‌ಸಿಟಿಸಿಯಲ್ಲೇ ತೆಗೆದರೆ ಹೆಚ್ಚು ಪಾಯಿಂಟ್, ಆ ಪಾಯಿಂಟಿನಿಂದ ಮತ್ತೆ ರೈಲು ಟಿಕೆಟ್. ಇದು ವೈಯಕ್ತಿಕ ಕಾರ್ಡ್, ಬಿಸಿನೆಸ್ ಕಾರ್ಡ್ ಅಲ್ಲ. ಸ್ಲೀಪರ್‌ನಲ್ಲಿ ಹೋಗುವವರಿಗೆ ದೊಡ್ಡ ಲಾಭವಿಲ್ಲ. ಬಳ್ಳಾರಿ, ಕೊಪ್ಪಳದಿಂದ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ, ರಾಯಚೂರಿನಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಪದೇ ಪದೇ ಎಸಿಯಲ್ಲಿ ಬೆಂಗಳೂರಿಗೆ ಓಡಾಡುವವರಿಗೆ ಸರಿಹೋಗುತ್ತದೆ.

ಏರ್‌ಪೋರ್ಟ್ ಲೌಂಜ್ ಫ್ರೀ ಅಂತಾರಲ್ಲ?

ವರ್ಷಕ್ಕೆ ಎರಡು ಸಲ ವಿಮಾನ ಹತ್ತುವವರು ಎರಡು ಪ್ಲೇಟ್ ಉಪ್ಪಿಟ್ಟಿಗೋಸ್ಕರ ಐದು ಸಾವಿರದ ಕಾರ್ಡ್ ತೆಗೆದುಕೊಳ್ಳಬಾರದು. ಹಿಂದಿನ ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿದ್ದರೆ ಮಾತ್ರ ಲೌಂಜ್ ಅನ್ನುವ ಷರತ್ತು ಈಗ ಬಹಳ ಕಾರ್ಡುಗಳಲ್ಲಿದೆ.

ಸೀಸನ್ ವ್ಯಾಪಾರ ನಮ್ಮದು. ಬಿಲ್ಲಿನ ತಾರೀಕು ಯಾವಾಗ ಇಟ್ಟುಕೊಳ್ಳಬೇಕು?

ಜೀನ್ಸ್‌ನವರಿಗೆ ರೊಕ್ಕ ತಿರುಗುವುದು ರಂಜಾನ್, ದಸರಾ, ದೀಪಾವಳಿಯ ಸುತ್ತ. ಮಿಲ್ಲಿನವರಿಗೆ ಸುಗ್ಗಿಯಲ್ಲಿ ಹಣ ಹೊರಗೆ, ಆಮೇಲೆ ನಿಧಾನಕ್ಕೆ ಒಳಗೆ. ಕಾರ್ಡಿನ ಬಿಲ್ಲಿಗೆ ಇದ್ಯಾವುದೂ ಗೊತ್ತಿಲ್ಲ, ಅದು ತಿಂಗಳು ತಿಂಗಳು ಬರುತ್ತದೆ.

ಬಿಲ್ಲಿಂಗ್ ಸೈಕಲ್ ಬದಲಿಸಿಕೊಳ್ಳುವ ಹಕ್ಕು ನಿಮಗಿದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬ್ಯಾಂಕು ಆ ಅವಕಾಶ ಕೊಡಲೇಬೇಕು. ನಿಮ್ಮ ಗಿರಾಕಿಗಳು ಸಾಮಾನ್ಯವಾಗಿ 5ನೇ ತಾರೀಕಿನೊಳಗೆ ಹಣ ಹಾಕುತ್ತಾರಾದರೆ, ಕಟ್ಟುವ ಗಡುವು 10ರ ಆಸುಪಾಸು ಬರುವ ಹಾಗೆ ಮಾಡಿಸಿ. ದೊಡ್ಡ ಖರೀದಿಯನ್ನು ಬಿಲ್ಲು ತಯಾರಾದ ಮಾರನೇ ದಿನ ಮಾಡಿದರೆ ಪೂರ್ತಿ ಮುದ್ದತು ಸಿಗುತ್ತದೆ, ಬಿಲ್ಲಿನ ಹಿಂದಿನ ದಿನ ಮಾಡಿದರೆ ಇಪ್ಪತ್ತು ದಿನದಷ್ಟೇ.

ಮುಂದೆ ಬರುವ ಬೆಳೆಯನ್ನು ನಂಬಿ ಮಾತ್ರ ಕಾರ್ಡ್ ಎಳೆಯಬೇಡಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಕಾಲುವೆ ನಂಬಿದ ಊರುಗಳ ಅಂಗಡಿಗಳಲ್ಲಿ ಎಷ್ಟು ಆತಂಕ ಇತ್ತು ಅನ್ನುವುದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ನೀರಿಗೆ ತಡವಾದರೆ ಉದ್ರಿ ವಸೂಲಿಗೂ ತಡ. ಕಾರ್ಡಿನ ಗಡುವು ಮಾತ್ರ ತಡವಾಗುವುದಿಲ್ಲ.

ಒಂದು ತಿಂಗಳು ಪೂರ್ತಿ ಬಿಲ್ಲಿನ ಬದಲು ಮಿನಿಮಮ್ ಡ್ಯೂ (ಕನಿಷ್ಠ ಮೊತ್ತ) ಮಾತ್ರ ಕಟ್ಟಿದರೆ ಏನಾಗುತ್ತದೆ?

ಸ್ಕೋರ್‌ಗೆ ತಕ್ಷಣ ಪೆಟ್ಟಿಲ್ಲ, ಜೇಬಿಗೆ ಇದೆ. ಸಾಮಾನ್ಯ ಬಡ್ಡಿ ತಿಂಗಳಿಗೆ ಶೇ 3ರಿಂದ 3.75. ನಮ್ಮ ಬಾಯಿಲೆಕ್ಕದಲ್ಲಿ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ. ಊರಿನ ಕೈಸಾಲದವರು ಎರಡು ರೂಪಾಯಿ ಅಂದರೇ ನಾವು ಮುಖ ಗಂಟಿಕ್ಕುತ್ತೇವೆ! ಬಾಕಿಯ ಬಡ್ಡಿ ಗಡುವಿನಿಂದಲ್ಲ, ಖರೀದಿ ಮಾಡಿದ ದಿನದಿಂದ ಬೀಳುತ್ತದೆ. ಪೂರ್ತಿ ತೀರಿಸುವವರೆಗೆ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಇರುವುದಿಲ್ಲ.

₹1 ಲಕ್ಷ ಒಂದು ತಿಂಗಳು ಉಳಿದರೆ ₹3,500 ಬಡ್ಡಿ, ₹630 ಜಿಎಸ್‌ಟಿ, ಒಟ್ಟು ₹4,130. ಮೇಲಿನ ಲೆಕ್ಕದಲ್ಲಿ ವರ್ಷಪೂರ್ತಿ ದುಡಿದು ಉಳಿಸಿದ್ದು ₹3,050. ಕಾರ್ಡಿನ ಬಿಲ್ಲು ಆಗಾಗ ಉಳಿಯುತ್ತದೆ ಅನ್ನುವವರು ಪಾಯಿಂಟ್ ಕಾರ್ಡ್ ಹುಡುಕುವುದನ್ನು ನಿಲ್ಲಿಸಿ, ಬ್ಯಾಂಕಿನಲ್ಲಿ ಓಡಿ ಮಿತಿ ಹೆಚ್ಚಿಸಲು ಕೇಳುವುದು ಒಳ್ಳೆಯದು. ಆಟೋ ಡೆಬಿಟ್ ಇಡುವಾಗ "ಟೋಟಲ್ ಡ್ಯೂ" ಆಯ್ಕೆ ಮಾಡಿದ್ದೀರಾ ನೋಡಿ, ಎಷ್ಟೋ ಫಾರಂಗಳಲ್ಲಿ "ಮಿನಿಮಮ್" ಮೊದಲು ಕಾಣುತ್ತದೆ.

ಕಾರ್ಡಿನ ಶುಲ್ಕದ ಜಿಎಸ್‌ಟಿ, ಟಿಕೆಟಿನ ಜಿಎಸ್‌ಟಿ ವಾಪಸ್ ಸಿಗುತ್ತದಾ?

ರೆಗ್ಯುಲರ್ ನೋಂದಣಿ ಇದ್ದರೆ, ಖರ್ಚು ವ್ಯಾಪಾರಕ್ಕೆ ಸಂಬಂಧಿಸಿದ್ದರೆ, ಕಾರ್ಡಿನ ಶುಲ್ಕದ ಶೇ 18ನ್ನು ಇನ್‌ಪುಟ್ ಕ್ರೆಡಿಟ್ ಆಗಿ ತೆಗೆದುಕೊಳ್ಳಬಹುದು, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಬ್ಯಾಂಕಿನ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಇರಬೇಕು. ಅರ್ಜಿ ಹಾಕುವಾಗಲೇ ಕೊಡಿ, ಆಮೇಲೆ ಜಿಎಸ್‌ಟಿಆರ್-2ಬಿಯಲ್ಲಿ (ಜಿಎಸ್‌ಟಿ ಪೋರ್ಟಲ್‌ನಲ್ಲಿ ಸಿಗುವ ನಿಮ್ಮ ಕ್ರೆಡಿಟ್ ಪಟ್ಟಿ) ಬಂದಿದೆಯಾ ನೋಡಿ. ಕಾಂಪೋಸಿಷನ್‌ನಲ್ಲಿ, ಅಂದರೆ ವಹಿವಾಟಿನ ಮೇಲೆ ಸಣ್ಣ ದರದ ತೆರಿಗೆ ಕಟ್ಟುವ ಯೋಜನೆಯಲ್ಲಿ, ಇರುವವರಿಗೆ ಇದು ಅನ್ವಯಿಸುವುದಿಲ್ಲ.

ವಿಮಾನದ ಟಿಕೆಟಿನಲ್ಲೂ ನಂಬರ್ ಹಾಕುವ ಜಾಗ ಇರುತ್ತದೆ. ಪಾಯಿಂಟ್ ಪೋರ್ಟಲ್‌ನಲ್ಲಿ ಆ ಜಾಗ ಇದೆಯಾ ಅಂತ ಗಮನಿಸಿ. ಹೋಟೆಲ್ ವಿಷಯ ಬೇರೆ. ಅಹಮದಾಬಾದಿನ ಲಾಡ್ಜ್ ಹಾಕುವುದು ಗುಜರಾತಿನ ತೆರಿಗೆ. ಕರ್ನಾಟಕದ ನೋಂದಣಿಯಲ್ಲಿ ಅದರ ಕ್ರೆಡಿಟ್ ಸಿಗುವುದಿಲ್ಲ.

ಸಂಬಂಧಿಕರ, ಗೆಳೆಯರ ಖರೀದಿಯನ್ನೂ ನನ್ನ ಕಾರ್ಡಿನಲ್ಲೇ ಮಾಡಿಸಿದರೆ ಪಾಯಿಂಟ್ ಜಾಸ್ತಿ ಬರುತ್ತದಲ್ಲ?

ಬರುತ್ತದೆ, ಜೊತೆಗೆ ಪ್ರಶ್ನೆಯೂ ಬರುತ್ತದೆ. ಒಂದು ಆರ್ಥಿಕ ವರ್ಷದಲ್ಲಿ ಕಾರ್ಡ್ ಬಿಲ್ಲಿಗೆ ₹10 ಲಕ್ಷ ಅಥವಾ ಹೆಚ್ಚು ಕಟ್ಟಿದರೆ, ನಗದಾಗಿ ₹1 ಲಕ್ಷ ಕಟ್ಟಿದರೂ, ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ತಿಳಿಸುತ್ತದೆ. ರಿಟರ್ನ್‌ನಲ್ಲಿ ₹6 ಲಕ್ಷ ಆದಾಯ ತೋರಿಸಿ ಕಾರ್ಡಿಗೆ ₹18 ಲಕ್ಷ ಕಟ್ಟಿದ್ದರೆ ಉತ್ತರ ಸಿದ್ಧವಿರಬೇಕು. ವ್ಯಾಪಾರದ ಖರ್ಚಾದರೆ ಪುಸ್ತಕವೇ ಉತ್ತರ. ಭಾವಮೈದುನನ ಟಿವಿಗೆ ಪುಸ್ತಕದಲ್ಲಿ ಜಾಗ ಇಲ್ಲ.

ನನ್ನ ಅಂಗಡಿಯ ಮಷಿನ್‌ನಲ್ಲೇ ನನ್ನ ಕಾರ್ಡ್ ಎಳೆದುಕೊಂಡರೆ?

ಬೇಡ. ಮಾಲು ಇಲ್ಲದ ಮಾರಾಟ ಅದು. ಬ್ಯಾಂಕುಗಳು ಸುಲಭವಾಗಿ ಪತ್ತೆ ಮಾಡುತ್ತವೆ, ಪಾಯಿಂಟ್ ಹಿಂಪಡೆದು ಕಾರ್ಡ್ ಮುಚ್ಚುತ್ತವೆ, ಮಷಿನ್ನೂ ಹೋಗಬಹುದು. "ಕಾರ್ಡ್ ಸ್ವೈಪ್ ಮಾಡಿ ಕ್ಯಾಶ್ ಪಡೆಯಿರಿ" ಅಂತ ಬೋರ್ಡ್ ಹಾಕಿರುವ ಅಂಗಡಿಗಳಿಗೂ ಇದೇ ಮಾತು.

ರಿಟರ್ನ್ ಹಾಕಿಲ್ಲ. ಕಾರ್ಡ್ ಸಿಗುತ್ತದಾ?

ಪ್ಯಾನ್, ಉದ್ಯಮ್ ನೋಂದಣಿ, ಜಿಎಸ್‌ಟಿ ರಿಟರ್ನ್, ಐಟಿ ರಿಟರ್ನ್, ಕರೆಂಟ್ ಅಕೌಂಟ್ ಸ್ಟೇಟ್‌ಮೆಂಟ್ ಸಾಮಾನ್ಯವಾಗಿ ಕೇಳುವ ಕಾಗದಗಳು. ಸಿಬಿಲ್ 750 ದಾಟಿದ್ದರೆ ಕೆಲಸ ಹಗುರ. ಇವು ಇಲ್ಲದವರಿಗೆ ಎಫ್‌ಡಿ ಮೇಲೆ ಕೊಡುವ ಕಾರ್ಡ್ ಇದೆ. ಅದರಲ್ಲಿ ಪಾಯಿಂಟ್ ಕಡಿಮೆ, ಆದರೆ ಒಂದು ವರ್ಷ ಸರಿಯಾಗಿ ಕಟ್ಟಿದರೆ ಮುಂದಿನ ಕಾರ್ಡಿಗೆ ದಾರಿಯಾಗುತ್ತದೆ. ಒಂದೇ ವಾರದಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ.

ಅಣ್ಣತಮ್ಮ ಸೇರಿ ಫರ್ಮ್ ನಡೆಸುತ್ತೇವೆ. ಪಾಯಿಂಟ್ ಯಾರದು?

ಬ್ಯಾಂಕಿನ ಪ್ರಕಾರ ಕಾರ್ಡ್ ಯಾರ ಹೆಸರಲ್ಲಿದೆಯೋ ಅವರದು. ಮನೆಯ ಪ್ರಕಾರ ಅಷ್ಟು ಸರಳವಲ್ಲ. ಫರ್ಮಿನ ದುಡ್ಡಲ್ಲಿ ಬಂದ ಪಾಯಿಂಟಿನಿಂದ ದೊಡ್ಡಣ್ಣನ ಮನೆಯವರು ಗೋವಾಕ್ಕೆ ಹೋಗಿಬಂದರೆ ಅತ್ತಿಗೆ ನಾದಿನಿಯರ ನಡುವೆ ಮಾತು ಬೆಳೆಯುತ್ತದೆ. ಪಾಯಿಂಟನ್ನು ಫರ್ಮಿನ ಓಡಾಟಕ್ಕೇ ಬಳಸುವುದು, ಇಲ್ಲವೇ ಬಿಲ್ಲಿಗೆ ಜಮಾ ಮಾಡಿಸಿ ಖರ್ಚು ಕಡಿಮೆ ತೋರಿಸುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಜಮಾ ಮಾಡಿಸಿದರೆ ಪಾಯಿಂಟಿನ ಬೆಲೆ ಸ್ವಲ್ಪ ತಗ್ಗಬಹುದು, ಜಗಳ ತಪ್ಪುತ್ತದೆ.

ಮ್ಯಾನೇಜರ್‌ಗೆ ಆಡ್-ಆನ್ ಕೊಡುವಾಗ ಮಿತಿ ಹಾಕಿ, ಎಟಿಎಂ ಮತ್ತು ವಿದೇಶಿ ಬಳಕೆ ಬಂದ್ ಇಡಿ. ಅವರು ಮಾಡಿದ ಖರ್ಚಿಗೆ ಹೊಣೆ ನೀವೇ.

ಯುಪಿಐನಲ್ಲಿ ಕ್ರೆಡಿಟ್ ಕಾರ್ಡ್ ಬಳಸಬಹುದಂತೆ?

ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಬಹುದು. ಅಂಗಡಿಯ ಕ್ಯೂಆರ್‌ಗೆ ಹೋಗುತ್ತದೆ, ವ್ಯಕ್ತಿಯ ನಂಬರಿಗೆ ಹೋಗುವುದಿಲ್ಲ. ಸ್ಪೇರ್ ಪಾರ್ಟ್ಸ್, ಸ್ಟೇಷನರಿಯಂಥ ಸಣ್ಣ ಖರ್ಚಿಗೆ ಅನುಕೂಲ. ಯುಪಿಐ ಪಾವತಿಗೆ ಪಾಯಿಂಟ್ ಕಡಿಮೆ ಮಾಡಿರುವ ಕಾರ್ಡುಗಳೂ ಇವೆ, ನಿಯಮ ಓದಿ.

ಯಂತ್ರ ನೋಡಲು ಚೀನಾಕ್ಕೆ ಹೋಗುವುದಿದೆ.

ಗುವಾಂಗ್‌ಝೌ ಮೇಳಕ್ಕೆ ಹೋಗುವವರು ಪಾಯಿಂಟಿಗಿಂತ ಮೊದಲು ಫಾರೆಕ್ಸ್ ಮಾರ್ಕಪ್ (ವಿದೇಶಿ ಹಣದ ಪಾವತಿಗೆ ಬ್ಯಾಂಕು ಹಾಕುವ ಹೆಚ್ಚುವರಿ) ನೋಡಬೇಕು. ಸಾಮಾನ್ಯ ಕಾರ್ಡಿನಲ್ಲಿ ಶೇ 3.5, ಅದರ ಮೇಲೆ ಜಿಎಸ್‌ಟಿ. ದುಬಾರಿ ಕಾರ್ಡುಗಳಲ್ಲಿ ಶೇ 2ರ ಹತ್ತಿರ, ಕೆಲವಲ್ಲಿ ಸೊನ್ನೆ. ಶೇ 3.5 ಕೊಟ್ಟು ಶೇ 1ರ ಪಾಯಿಂಟ್ ಪಡೆಯುವುದು ಯಾವ ವ್ಯಾಪಾರ? ಅಲ್ಲಿನ ಮಷಿನ್ "ರೂಪಾಯಿಯಲ್ಲಿ ಕಟ್ಟುತ್ತೀರಾ?" ಅಂತ ಕೇಳಿದರೆ ಬೇಡ ಅನ್ನಿ, ಅವರ ವಿನಿಮಯ ದರ ಇನ್ನೂ ದುಬಾರಿ.

"ನಿಮ್ಮ ಪಾಯಿಂಟ್ ಇವತ್ತೇ ಲ್ಯಾಪ್ಸ್ ಆಗುತ್ತದೆ" ಅಂತ ಮೆಸೇಜ್ ಬಂದಿದೆ.

ಲಿಂಕ್ ಒತ್ತಬೇಡಿ, ಓಟಿಪಿ ಹೇಳಬೇಡಿ. ಪಾಯಿಂಟಿಗೆ ಅವಧಿ ಇರುವುದು ನಿಜ, ಸಾಮಾನ್ಯವಾಗಿ ಎರಡು ಮೂರು ವರ್ಷ, ಆದರೆ ಅದನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿ. ದುಡ್ಡು ಹೋಗಿದ್ದರೆ ತಕ್ಷಣ ಕಾರ್ಡ್ ಬ್ಲಾಕ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. ನಿಮ್ಮ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಹೊಣೆ ನಿಮ್ಮದಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತ್ತು. ನೀವೇ ಓಟಿಪಿ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದೇ.

ಒಂದು ವರ್ಷ ನೋಡಿ ಬೇಡ ಅನಿಸಿದರೆ?

ಮುಂದಿನ ವರ್ಷದ ಶುಲ್ಕ ಬೀಳುವ ಮುಂಚಿನ ತಿಂಗಳು ಬ್ಯಾಂಕಿಗೆ ಫೋನ್ ಮಾಡಿ, ಮುಚ್ಚುತ್ತೇನೆ ಅನ್ನಿ. ಶುಲ್ಕ ಮನ್ನಾ ಮಾಡುತ್ತೇವೆ ಅನ್ನುವುದು ಅಪರೂಪವಲ್ಲ. ಆದರೂ ಬೇಡವಾದರೆ ಮೊದಲು ಪಾಯಿಂಟ್ ಖಾಲಿ ಮಾಡಿ, ಕಾರ್ಡ್ ಮುಚ್ಚಿದ ಮೇಲೆ ಅವು ಸಿಗುವುದು ಕಷ್ಟ. ಆಮೇಲೆ ಬಾಕಿ ಪೂರ್ತಿ ತೀರಿಸಿ, ಆಟೋ ಡೆಬಿಟ್ ಇರುವ ಸಾಫ್ಟ್‌ವೇರ್, ಮೊಬೈಲ್ ಬಿಲ್ಲುಗಳನ್ನು ಬೇರೆ ಕಡೆ ವರ್ಗಾಯಿಸಿ, ಬರಹದಲ್ಲಿ ಅರ್ಜಿ ಕೊಡಿ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡ ಮಾಡಿದರೆ ದಿನಕ್ಕೆ ₹500ರಂತೆ ಬ್ಯಾಂಕೇ ನಿಮಗೆ ಕೊಡಬೇಕು. ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಆನ್‌ಲೈನ್‌ನಲ್ಲೇ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ.